ಧಾರಣಾ ಸಾಮರ್ಥ್ಯ: ಒಂದು ತಾಣ ಎಷ್ಟು ಜನರನ್ನು ತಾಳುತ್ತದೆ?

ಊರ ಗೋಮಾಳಕ್ಕೆ ಅಳತೆಯರಿತು ದನ ಬಿಟ್ಟರೆ ಹುಲ್ಲು ಮತ್ತೆ ಚಿಗುರುತ್ತದೆ. ಅದರ ಮೇಲೆ ಬಿಡುತ್ತ ಹೋದರೆ ಒಂದೆರಡು ವರ್ಷದಲ್ಲಿ ಅಲ್ಲಿ ಉಳಿಯುವುದು ದನ ಮುಟ್ಟದ ಕಳೆ ಮತ್ತು ಬರಿ ಮಣ್ಣು. ಪ್ರವಾಸೋದ್ಯಮ ಸಂಶೋಧನೆಯಲ್ಲಿ ‘ಧಾರಣಾ ಸಾಮರ್ಥ್ಯ’ ಎಂದು ಕರೆಯುವ ಪರಿಕಲ್ಪನೆ ಹುಟ್ಟಿದ್ದೂ ಇಂಥ ಲೆಕ್ಕದಿಂದಲೇ. ಅಮೆರಿಕದ ಹುಲ್ಲುಗಾವಲು ನಿರ್ವಹಣೆಯವರು ಎಕರೆಗೆ ಎಷ್ಟು ದನ ಎಂದು ಕೇಳುತ್ತಿದ್ದರು. ಅರಣ್ಯ ಮತ್ತು ವಿಹಾರತಾಣಗಳ ಸಂಶೋಧಕರು ದನದ ಜಾಗದಲ್ಲಿ ಮನುಷ್ಯರನ್ನು ಇಟ್ಟು ಅದೇ ಪ್ರಶ್ನೆ ಕೇಳಿದರು.

ಇಂದಿಗೂ ಹೆಚ್ಚು ಬಳಕೆಯಲ್ಲಿರುವ ವ್ಯಾಖ್ಯೆ ವಿಶ್ವ ಪ್ರವಾಸೋದ್ಯಮ ಸಂಸ್ಥೆ 1981ರಲ್ಲಿ ಕೊಟ್ಟದ್ದು. ತಾಣದ ಭೌತಿಕ, ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಪರಿಸರ ಹಾಳಾಗದಂತೆ, ಬಂದವರ ತೃಪ್ತಿಯೂ ಒಪ್ಪಲಾಗದ ಮಟ್ಟಕ್ಕೆ ಇಳಿಯದಂತೆ, ಏಕಕಾಲಕ್ಕೆ ಅಲ್ಲಿರಬಹುದಾದ ಗರಿಷ್ಠ ಜನಸಂಖ್ಯೆ ಎಂಬುದು ಅದರ ಸಾರಾಂಶ. ಇದರಲ್ಲಿ ಎರಡು ಮಾತಿನ ಮೇಲೆ ಕಣ್ಣಿಡಬೇಕು. ಒಂದು ‘ಏಕಕಾಲಕ್ಕೆ’, ದಿನಕ್ಕೆ ಎಂದೋ ವರ್ಷಕ್ಕೆ ಎಂದೋ ಅಲ್ಲ. ಇನ್ನೊಂದು ‘ಒಪ್ಪಲಾಗದ’. ಯಾರು ಒಪ್ಪಬೇಕು ಎಂಬುದನ್ನು ವ್ಯಾಖ್ಯೆ ಹೇಳುವುದಿಲ್ಲ. ಈ ಪದದ ಸುತ್ತಲಿನ ಅರ್ಧಕ್ಕರ್ಧ ಜಗಳ ಇದೇ ಮಾತಿನಿಂದ ಹುಟ್ಟಿದ್ದು.

ಅಂಕಿ ಹೊರಡಿಸುವ ವಿಧಾನಗಳಲ್ಲಿ ಹೆಚ್ಚು ಹಬ್ಬಿರುವುದು ಮಿಗೆಲ್ ಸಿಫುವೆಂಟೆಸ್ ಅವರದು. ಕೋಸ್ಟರಿಕಾದ ಟುರಿಯಾಲ್ಬದಲ್ಲಿರುವ ಉಷ್ಣವಲಯ ಕೃಷಿ ಸಂಶೋಧನಾ ಕೇಂದ್ರದಿಂದ ಇದು 1992ರಲ್ಲಿ ಪ್ರಕಟವಾಯಿತು. ಇದರಲ್ಲಿ ಮೂರು ಹಂತ: ಭೌತಿಕ ಸಾಮರ್ಥ್ಯ, ವಾಸ್ತವಿಕ ಸಾಮರ್ಥ್ಯ, ಪರಿಣಾಮಕಾರಿ ಸಾಮರ್ಥ್ಯ. ಒಂದೊಂದು ಹಂತ ಇಳಿದಂತೆ ಅಂಕಿ ಕುಗ್ಗುತ್ತದೆ. ಮಲೆನಾಡಿನ ಒಂದು ಕಾಲ್ಪನಿಕ ಚಾರಣದ ಹಾದಿಯನ್ನು ಇಟ್ಟುಕೊಂಡು ಲೆಕ್ಕ ಮಾಡಿ ನೋಡೋಣ.

ಹಾದಿ 4,000 ಮೀಟರ್ ಉದ್ದ, ಸುತ್ತು ಹಾದಿ, ಎಲ್ಲರೂ ಒಂದೇ ದಿಕ್ಕಿನಲ್ಲಿ ನಡೆಯುತ್ತಾರೆ. ಒಬ್ಬರಿಗೆ 1 ಮೀಟರ್ ಜಾಗ ಬೇಕು. ಬೆಳಗ್ಗೆ 7ರಿಂದ ಸಂಜೆ 4ರವರೆಗೆ 9 ಗಂಟೆ ತೆರೆದಿರುತ್ತದೆ, ಒಂದು ಸುತ್ತಿಗೆ 3 ಗಂಟೆ. ಅಂದರೆ ದಿನಕ್ಕೆ 3 ಸರದಿ. 4,000ವನ್ನು 3ರಿಂದ ಗುಣಿಸಿದರೆ 12,000. ಇದು ಭೌತಿಕ ಸಾಮರ್ಥ್ಯ. ಹಾದಿಯುದ್ದಕ್ಕೂ ಸಂತೆಯಂತೆ ಜನ ಸಾಲುಗಟ್ಟಿ ನಿಂತ ಚಿತ್ರ ಅದು. ಯಾರೂ ಪಾಲಿಸಬೇಕಾದ ಅಂಕಿಯಲ್ಲ, ಮುಂದಿನ ಲೆಕ್ಕಕ್ಕೆ ಮೊದಲ ಮೆಟ್ಟಿಲು ಅಷ್ಟೆ.

ಎರಡನೆಯ ಹಂತದಲ್ಲಿ ತಿದ್ದುಪಡಿ ಗುಣಕಗಳು ಬರುತ್ತವೆ. ಪ್ರತಿ ಗುಣಕಕ್ಕೂ ಸೂತ್ರ ಒಂದೇ: ಅಡ್ಡಿಯಾಗುವ ಭಾಗವನ್ನು ಒಟ್ಟು ಭಾಗದಿಂದ ಭಾಗಿಸಿ, 1ರಿಂದ ಕಳೆಯುವುದು.

ಮೊದಲು ಸಾಮಾಜಿಕ ಗುಣಕ. ಹತ್ತು ಜನರ ಗುಂಪುಗಳು, ಗುಂಪುಗಳ ನಡುವೆ 100 ಮೀಟರ್ ಅಂತರ ಎಂದುಕೊಂಡರೆ ಒಂದು ಗುಂಪು 110 ಮೀಟರ್ ಹಾದಿ ಹಿಡಿಯುತ್ತದೆ. 4,000 ಮೀಟರಿನಲ್ಲಿ ಹಿಡಿಯುವುದು 36 ಗುಂಪು, 360 ಜನ. ಉಳಿದ 3,640 ಮೀಟರ್ ಖಾಲಿ ಇರಬೇಕಾದ ಜಾಗ. ಗುಣಕ 0.09. ಈ ಒಂದೇ ಗುಣಕ 12,000ವನ್ನು 1,080ಕ್ಕೆ ಇಳಿಸುತ್ತದೆ. ಉಳಿದೆಲ್ಲ ಗುಣಕಗಳು ಸೇರಿದರೂ ಇಷ್ಟು ಇಳಿಸುವುದಿಲ್ಲ. ಗುಂಪಿನ ಗಾತ್ರ ಮತ್ತು ಅಂತರವನ್ನು ಯಾರು, ಯಾವ ಆಧಾರದಲ್ಲಿ ಗೊತ್ತುಮಾಡಿದರು ಎಂದು ವರದಿಯಲ್ಲಿ ಮೊದಲು ಹುಡುಕಬೇಕಾದದ್ದು ಇದಕ್ಕಾಗಿಯೇ.

ಮಳೆಗೆ ಬರೋಣ. ವರ್ಷದಲ್ಲಿ ಹಾದಿ ತೆರೆದಿರುವುದು 3,285 ಗಂಟೆ. ಮಳೆಗಾಲದ 120 ದಿನ, ದಿನಕ್ಕೆ 5 ಗಂಟೆ ನಡೆಯಲಾಗದ ಮಳೆ ಎಂದರೆ 600 ಗಂಟೆ. ಗುಣಕ 0.817. ಏರಿನ ಲೆಕ್ಕದಲ್ಲಿ ಶೇ 20ಕ್ಕಿಂತ ಕಡಿದಾದ ಭಾಗವನ್ನು ಒಂದೂವರೆ ಪಟ್ಟು ಎಣಿಸುತ್ತಾರೆ, ಶೇ 10ರಿಂದ 20ರ ಏರನ್ನು ಇದ್ದಷ್ಟೇ ಎಣಿಸುತ್ತಾರೆ. ನಮ್ಮ ಹಾದಿಯಲ್ಲಿ ಕಡಿದಾದದ್ದು 500 ಮೀಟರ್, ಮಧ್ಯಮ ಏರು 800 ಮೀಟರ್ ಇದ್ದರೆ ಗುಣಕ 0.6125. ಮಣ್ಣಿನ ಸವಕಳಿಗೂ ಇದೇ ಬಗೆಯ ಲೆಕ್ಕ; 0.8 ಎಂದಿಟ್ಟುಕೊಳ್ಳೋಣ. ವಾರಕ್ಕೊಂದು ದಿನ ರಜೆ ಎಂದರೆ 0.857. ಎಲ್ಲವನ್ನೂ 1,080ಕ್ಕೆ ಗುಣಿಸಿದರೆ ದಿನಕ್ಕೆ ಸುಮಾರು 370 ಜನ. ಇದು ವಾಸ್ತವಿಕ ಸಾಮರ್ಥ್ಯ.

ಕೊನೆಯ ಹಂತ ನಿರ್ವಹಣೆಯದು. ಬೇಕಾದ 10 ಸಿಬ್ಬಂದಿಯಲ್ಲಿ 6 ಇದ್ದಾರೆ: 0.6. ಶೌಚಾಲಯ, ತಂಗುದಾಣ, ಫಲಕಗಳು ಬೇಕಾದದ್ದರ ಅರ್ಧ: 0.5. ವಾಕಿಟಾಕಿ, ಸ್ಟ್ರೆಚರ್, ಪ್ರಥಮ ಚಿಕಿತ್ಸೆಯ ಸಾಮಾನು 0.4. ಸರಾಸರಿ 0.5. ಹಾಗಾಗಿ ಪರಿಣಾಮಕಾರಿ ಸಾಮರ್ಥ್ಯ 185. ಹನ್ನೆರಡು ಸಾವಿರದಿಂದ ಹೊರಟ ಲೆಕ್ಕ ಇಲ್ಲಿಗೆ ಬಂದು ನಿಂತಿತು.

ನಮ್ಮ ದೇಶದಲ್ಲಿ ಇದೇ ಮೂರು ಮೆಟ್ಟಿಲಿನ ಲೆಕ್ಕವನ್ನು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರ ಪ್ರವಾಸೋದ್ಯಮ ಮಾರ್ಗಸೂಚಿಯಲ್ಲಿ ಅಳವಡಿಸಿತು. ಅಲ್ಲಿ ಎಣಿಸುವುದು ತಲೆಗಳನ್ನಲ್ಲ, ಸಫಾರಿ ವಾಹನಗಳನ್ನು. ದೂಳು ತಪ್ಪಿಸಲು ಎರಡು ವಾಹನಗಳ ನಡುವೆ ಕನಿಷ್ಠ 500 ಮೀಟರ್ ಎಂದು ಹಿಡಿದು ಲೆಕ್ಕ ಶುರುವಾಗುತ್ತದೆ. ಬಂಡೀಪುರ, ನಾಗರಹೊಳೆ ಸೇರಿದಂತೆ ಎಲ್ಲ ಹುಲಿ ಮೀಸಲು ಪ್ರದೇಶಗಳಿಗೂ ಅನ್ವಯಿಸುವ ಮಾರ್ಗಸೂಚಿ ಇದು.

ಲೆಕ್ಕ ತಪ್ಪುವುದು ಗುಣಾಕಾರದಲ್ಲಲ್ಲ, ಅದಕ್ಕೂ ಮೊದಲು. ಸಾಮಾನ್ಯವಾಗಿ ಕಾಣುವ ದೋಷ ವರ್ಷದ ಸರಾಸರಿ. ಮೇಲಿನ 0.817 ಜನವರಿಗೂ ಸರಿಯಲ್ಲ, ಜುಲೈಗೂ ಸರಿಯಲ್ಲ. ಜನವರಿಯಲ್ಲಿ ಅದು 1ರ ಹತ್ತಿರ, ಜುಲೈಯಲ್ಲಿ ಅರ್ಧಕ್ಕಿಂತ ಕೆಳಗೆ. ಪಶ್ಚಿಮ ಘಟ್ಟದಂಥ ಜಾಗದಲ್ಲಿ ಋತುವಿಗೊಂದು ಲೆಕ್ಕ ಮಾಡದೆ ಬೇರೆ ದಾರಿಯಿಲ್ಲ. ಎರಡನೆಯದು ಒಂದೇ ಸಂಗತಿಯನ್ನು ಎರಡು ಸಲ ಕಳೆಯುವುದು: ಮಣ್ಣು ಕೊಚ್ಚಿಹೋಗುವುದು ಮಳೆಯಿಂದಲೇ, ಕಡಿದಾದ ಏರಿನಲ್ಲೇ. ಮೂರು ಗುಣಕಗಳನ್ನು ಬೇರೆ ಬೇರೆ ಎಂಬಂತೆ ಗುಣಿಸಿದಾಗ ಅಂಕಿ ಇರಬೇಕಾದದ್ದಕ್ಕಿಂತ ಕೆಳಗಿಳಿಯುತ್ತದೆ. ಮೂರನೆಯದು ಹಾದಿಯ ಬಗೆ. ಹೋದ ದಾರಿಯಲ್ಲೇ ಹಿಂತಿರುಗುವ ಹಾದಿಗೆ ಸುತ್ತು ಹಾದಿಯ ಸೂತ್ರ ಹಾಕಿದರೆ, ಎದುರುಬದರು ಬರುವ ಗುಂಪುಗಳು ಲೆಕ್ಕದಲ್ಲಿ ಇರುವುದೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಹೊತ್ತಿನದು. ದಿನಕ್ಕೆ 185 ಎಂದು ಟಿಕೆಟ್ ಕೊಟ್ಟು, ಅಷ್ಟೂ ಜನ ಬೆಳಗ್ಗೆ ಹಾದಿ ತೆರೆಯುತ್ತಲೇ ಒಟ್ಟಿಗೆ ಬಂದರೆ ಬೆಳಗಿನ ಆ ಒಂದು ಗಂಟೆಯಲ್ಲಿ ತುದಿಯ ಬಂಡೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಇಡೀ ಹಾದಿಯ ಸಾಮರ್ಥ್ಯವನ್ನು ಗೊತ್ತುಮಾಡುವುದು ಅದರ ಅತ್ಯಂತ ಇಕ್ಕಟ್ಟಾದ ಜಾಗ ಮತ್ತು ಅತ್ಯಂತ ಬಿಗಿಯಾದ ಗಂಟೆ. ಆದ್ದರಿಂದ ಒಳ್ಳೆಯ ಅಧ್ಯಯನ ದಿನದ ಅಂಕಿಯ ಜೊತೆಗೆ ಗಂಟೆಗೆ ಎಷ್ಟು ಪ್ರವೇಶ ಎಂಬುದನ್ನೂ ಕೊಡುತ್ತದೆ.

ಇನ್ನು ಜನರ ಮನಸ್ಸಿನ ಕಡೆ. ಒಬ್ಬರಿಗೆ ಗದ್ದಲ ಅನ್ನಿಸಿದ್ದು ಇನ್ನೊಬ್ಬರಿಗೆ ಜಾತ್ರೆಯ ಸಂಭ್ರಮ. ಇದನ್ನು ಅಳೆಯಲು 1970ರ ದಶಕದಿಂದ ಬಳಕೆಯಲ್ಲಿರುವುದು ಹೆಬರ್ಲೈನ್ ಮತ್ತು ವಾಸ್ಕೆ ಅವರ ಒಂಬತ್ತು ಅಂಕಗಳ ಮಾಪಕ: 1 ಎಂದರೆ ಸ್ವಲ್ಪವೂ ದಟ್ಟಣೆ ಅನ್ನಿಸಲಿಲ್ಲ, 9 ಎಂದರೆ ವಿಪರೀತ ಅನ್ನಿಸಿತು. 3 ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರ ಶೇಕಡಾವಾರು ನೋಡುತ್ತಾರೆ. ಶೇ 65 ದಾಟಿದರೆ ಸಾಮರ್ಥ್ಯ ಮೀರಿದೆ ಎಂದು, 80 ದಾಟಿದರೆ ತೀರಾ ಮೀರಿದೆ ಎಂದು ಓದಲಾಗುತ್ತದೆ. ಇಲ್ಲೊಂದು ಬಲೆ ಇದೆ. ದಟ್ಟಣೆಗೆ ಬೇಸತ್ತವರು ಎರಡನೆಯ ಸಲ ಬರುವುದೇ ಇಲ್ಲ. ಗೇಟಿನಲ್ಲಿ ಪ್ರಶ್ನಾವಳಿ ತುಂಬುವವರು ದಟ್ಟಣೆಯನ್ನು ಸಹಿಸುವವರು. ಹೀಗಾಗಿ ತಾಣ ಕೆಡುತ್ತಿದ್ದರೂ ತೃಪ್ತಿಯ ಅಂಕ ಮೇಲೆಯೇ ಇರಬಲ್ಲದು. ಸ್ಥಳೀಯರ ಸಹನೆಗೆ ಬೇರೆಯೇ ಅಳತೆಗೋಲು ಬೇಕು. ಉತ್ಸಾಹದಿಂದ ಉದಾಸೀನಕ್ಕೆ, ಅಲ್ಲಿಂದ ಕಿರಿಕಿರಿಗೆ, ಕೊನೆಗೆ ಹಗೆತನಕ್ಕೆ ಜಾರುವ ನಾಲ್ಕು ಮೆಟ್ಟಿಲನ್ನು ಡಾಕ್ಸಿ 1975ರಲ್ಲೇ ಗುರುತಿಸಿದ್ದರು.

ಪರಿಸರದ ಕಡೆಯಿಂದ ಬಂದ ಆಕ್ಷೇಪ ಇನ್ನೂ ಆಳವಾದದ್ದು. ‘ಜನ ಅರ್ಧಕ್ಕಿಳಿದರೆ ಹಾನಿಯೂ ಅರ್ಧ’ ಎಂದು ನಾವು ಸಹಜವಾಗಿ ಅಂದುಕೊಳ್ಳುತ್ತೇವೆ. ಕೋಲ್ ಮತ್ತು ಬೇಫೀಲ್ಡ್ 1993ರಲ್ಲಿ ರೂಪಿಸಿದ ತುಳಿತದ ಪ್ರಯೋಗದಲ್ಲಿ ಅರ್ಧ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಪಟ್ಟಿಗಳನ್ನು ಗುರುತಿಸಿ, ಒಂದನ್ನು ತುಳಿಯದೆ ಬಿಟ್ಟು, ಉಳಿದವುಗಳ ಮೇಲೆ 25, 75, 200, 500 ಸಲ ನಡೆದು, ಎರಡು ವಾರಕ್ಕೂ ಒಂದು ವರ್ಷಕ್ಕೂ ಹಸಿರು ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಇಂಥ ಪ್ರಯೋಗಗಳು ತೋರಿಸಿದ್ದೇನೆಂದರೆ, ಸೂಕ್ಷ್ಮ ಸಸ್ಯಗಳಿರುವಲ್ಲಿ ಹೆಚ್ಚಿನ ಹಾನಿ ಮೊದಮೊದಲ ಹೆಜ್ಜೆಗಳಲ್ಲೇ ಆಗಿಬಿಡುತ್ತದೆ. ಆಮೇಲೆ ಎಷ್ಟು ತುಳಿದರೂ ಕಳೆದುಕೊಳ್ಳಲು ಹೆಚ್ಚು ಉಳಿದಿರುವುದಿಲ್ಲ. ಈಗಾಗಲೇ ಬೋಳಾದ ಹಾದಿಯಲ್ಲಿ 400 ಜನರನ್ನು 200ಕ್ಕೆ ಇಳಿಸಿದರೆ ಹಸಿರು ಮರಳದು. ಆದರೆ ಆ ಇನ್ನೂರು ಜನ ಹಾದಿ ಬಿಟ್ಟು ಹುಲ್ಲಿನ ಮೇಲೆ ಹರಡಿಕೊಂಡರೆ ಹೊಸ ಹಾನಿ ಮಾತ್ರ ಖಂಡಿತ.

ಅಲನ್ ವಾಗರ್ 1964ರಲ್ಲೇ ಈ ಗಂಟನ್ನು ಕಂಡುಕೊಂಡಿದ್ದರು. ಕಾಡುಪ್ರದೇಶದ ವಿಹಾರ ಸಾಮರ್ಥ್ಯವನ್ನು ಪರಿಸರದ ಕಡೆಯಿಂದಷ್ಟೇ ನಿರ್ಧರಿಸಲಾಗದು, ಮನುಷ್ಯರು ಯಾವುದಕ್ಕೆ ಬೆಲೆ ಕೊಡುತ್ತಾರೆ ಎಂಬುದೂ ಲೆಕ್ಕಕ್ಕೆ ಬರಬೇಕು ಎಂದರು. ಅಲ್ಲಿಂದ ಬೆಳೆದು 1985ರಲ್ಲಿ ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು ಕೊಟ್ಟದ್ದು ‘ಒಪ್ಪಬಹುದಾದ ಬದಲಾವಣೆಯ ಮಿತಿ’ ಎಂಬ ಒಂಬತ್ತು ಹೆಜ್ಜೆಯ ಚೌಕಟ್ಟು. ಮೊಂಟಾನಾದ ಬಾಬ್ ಮಾರ್ಷಲ್ ಅರಣ್ಯದಲ್ಲಿ ಅದರ ಆರಂಭದ ಪ್ರಯೋಗ ನಡೆಯಿತು. ‘ಎಷ್ಟು ಜನ?’ ಎಂಬ ಪ್ರಶ್ನೆಯನ್ನು ಅದು ಬದಿಗಿಟ್ಟು ‘ಎಷ್ಟು ಬದಲಾವಣೆ?’ ಎಂದು ಕೇಳುತ್ತದೆ. ಒಂದು ಬಿಡಾರದ ಜಾಗದಲ್ಲಿ ಬೋಳಾದ ನೆಲ ಎಷ್ಟು ಚದರ ಮೀಟರ್ ದಾಟಬಾರದು, ಒಂದು ದಿನದ ನಡಿಗೆಯಲ್ಲಿ ಬೇರೆ ಎಷ್ಟು ಗುಂಪು ಎದುರಾಗಬಹುದು, ಹೀಗೆ ಅಳೆಯಬಹುದಾದ ಸೂಚಕಗಳನ್ನು ಆರಿಸಿ, ಸ್ಥಳೀಯರೊಂದಿಗೆ ಕೂತು ಮಿತಿ ಬರೆದುಕೊಂಡು, ಮತ್ತೆ ಮತ್ತೆ ಅಳೆಯುವುದು. ಮಿತಿ ಮೀರಿದರೆ ಏನು ಮಾಡಬೇಕೆಂಬುದನ್ನೂ ಮೊದಲೇ ಬರೆದಿಡುವುದು: ಹಾದಿಗೆ ಕಲ್ಲು ಹಾಸುವುದು, ಹಾದಿ ತೆರೆಯುವ ಋತು ಬದಲಿಸುವುದು, ಗುಂಪು ಚಿಕ್ಕದು ಮಾಡುವುದು, ಬೇಕಾದರೆ ಆಗ ಜನರ ಸಂಖ್ಯೆ. ನನ್ನ ಮಟ್ಟಿಗೆ ಸಿಫುವೆಂಟೆಸ್ ಲೆಕ್ಕ ಮೊದಲ ವರ್ಷಕ್ಕೆ ಬೇಕು. ಎರಡನೆಯ ವರ್ಷದಿಂದ ಈ ಅಳತೆಯೇ ದಾರಿ ತೋರಬೇಕು.

ಪತ್ರಿಕೆಗಳಲ್ಲಿ ಧಾರಣಾ ಸಾಮರ್ಥ್ಯವನ್ನೂ ‘ದಿನದ ಮಿತಿ’ಯನ್ನೂ ಒಂದೇ ಎಂಬಂತೆ ಬಳಸುವುದುಂಟು. ಎರಡೂ ಬೇರೆ. ನೀಲಗಿರಿಯನ್ನೇ ನೋಡಿ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಬಂತು. ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ಹೋಗುವ ನಮ್ಮವರ ಕಾರುಗಳಿಗೂ ಅದು ಬೇಕು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಊಟಿಗೆ ವಾರದ ದಿನ 6,000, ವಾರಾಂತ್ಯಕ್ಕೆ 8,000 ವಾಹನ ಎಂದು ಗೊತ್ತುಮಾಡಲಾಯಿತು. ಐಐಟಿ ಮದ್ರಾಸ್ ಮತ್ತು ಐಐಎಂ ಬೆಂಗಳೂರಿಗೆ ವಹಿಸಿದ್ದ ಧಾರಣಾ ಸಾಮರ್ಥ್ಯದ ಅಧ್ಯಯನ ನಡೆಯುತ್ತಿರುವಾಗಲೇ ಬಂದ ಅಂಕಿಗಳಿವು. ಶನಿವಾರ ಬಂತೆಂದು ಬೆಟ್ಟದ ರಸ್ತೆ ಅಗಲವಾಗುವುದಿಲ್ಲ, ಊಟಿಯ ನೀರು ಹೆಚ್ಚುವುದಿಲ್ಲ. ವಾರಾಂತ್ಯಕ್ಕೆ ಎರಡು ಸಾವಿರ ಹೆಚ್ಚು ಕೊಡುವ ಅಂಕಿ ಬೇಡಿಕೆಯನ್ನೂ ಅಲ್ಲಿಯವರ ಹೊಟ್ಟೆಪಾಡನ್ನೂ ತೂಗಿ ಮಾಡಿದ ತೀರ್ಮಾನ, ಅಂದರೆ ಮಿತಿ. ವಾಹನದ ಅಂಕಿಯಾದ್ದರಿಂದ, ಒಂದು ಕಾರಿನಲ್ಲಿ ಇಬ್ಬರು ಬಂದರೂ ಟೆಂಪೊ ಟ್ರಾವೆಲರ್‌ನಲ್ಲಿ ಹನ್ನೆರಡು ಜನ ಬಂದರೂ ಅದಕ್ಕೆ ಒಂದೇ. ಬೆಟ್ಟದ ನೀರು, ಕಸ, ಶೌಚಾಲಯದ ಲೆಕ್ಕಕ್ಕೆ ಬೇಕಾದದ್ದು ತಲೆಗಳ ಅಂಕಿ. ಅದನ್ನು ವಾಹನದ ಅಂಕಿಯಿಂದ ಪಡೆಯಬೇಕಾದರೆ ಚೆಕ್‌ಪೋಸ್ಟಿನಲ್ಲಿ ಪ್ರತಿ ಬಗೆಯ ವಾಹನದಲ್ಲಿ ಸರಾಸರಿ ಎಷ್ಟು ಜನ ಎಂದು ವಾರದ ದಿನಕ್ಕೂ ವಾರಾಂತ್ಯಕ್ಕೂ ಬೇರೆ ಬೇರೆಯಾಗಿ ಎಣಿಸಿರಬೇಕು.