‘ಅವನ ರಕ್ತ ನಮ್ಮ ಮಕ್ಕಳ ಮೇಲೂ ಇರಲಿ’: ಹೀಗೆ ಕೂಗಿದವರು ಯಾರು?

ಓದುಗರ ಪ್ರಶ್ನೆ: ಯೇಸುವನ್ನು ಕೊಲ್ಲಿಸಿದವರು ಯೆಹೂದ್ಯರು ಅಂತ ಬೈಬಲ್ಲಿನಲ್ಲೇ ಇದೆಯಲ್ಲ? ಸಂಡೇ ಸ್ಕೂಲ್ ಮಕ್ಕಳು ಕೇಳಿದರೆ ಏನು ಹೇಳಲಿ?

ನೀವು ಹೇಳುತ್ತಿರುವುದು ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯದ 25ನೇ ವಚನ: ‘ಅವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ’. ಮಕ್ಕಳಿಗೆ ಮೊದಲು ಅಲ್ಲಿ ಯಾರು ನಿಂತಿದ್ದರು ಅಂತ ತೋರಿಸಿ. ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಪತಿ ಪಿಲಾತ, ಈ ಸಾವಿನ ಹೊಣೆ ನನ್ನದಲ್ಲ ಎಂದು ಕೈ ತೊಳೆದುಕೊಳ್ಳುತ್ತಾನೆ. ಎದುರಿಗೆ ಮುಖ್ಯ ಯಾಜಕರು ಎತ್ತಿಕಟ್ಟಿದ ಒಂದು ಗುಂಪು. ಕೂಗಿದ್ದು ಆ ಗುಂಪು, ಅಷ್ಟೇ. ಆಗ ಅಲೆಕ್ಸಾಂಡ್ರಿಯಾದಲ್ಲಿ, ರೋಮಿನಲ್ಲಿ, ಬಾಬಿಲೋನಿನಲ್ಲಿ ಬದುಕುತ್ತಿದ್ದ ಯೆಹೂದ್ಯರಿಗೆ ಈ ವಿಚಾರಣೆಯ ಸುದ್ದಿಯೇ ಗೊತ್ತಿರಲಿಲ್ಲ. ಯೇಸು, ಮರಿಯ, ಪೇತ್ರ ಕೂಡ ಯೆಹೂದ್ಯರೇ ಅಲ್ವಾ? ಶಿಲುಬೆ ರೋಮನ್ನರ ಶಿಕ್ಷೆ. ಆಜ್ಞೆ ಪಿಲಾತನದು, ಅದನ್ನು ನಡೆಸಿದ್ದು ಅವನ ಸೈನಿಕರು.

ಎಡವಟ್ಟಾಗಿದ್ದು ‘ನಮ್ಮ ಮಕ್ಕಳ ಮೇಲೂ’ ಎಂಬ ಮಾತಿನಲ್ಲಿ. ಗುಂಪಿನ ಕೂಗು ಒಂದು ಜನಾಂಗದ ಶಾಪವಾಯಿತು. ಆ ರಕ್ತ ಎಲ್ಲ ತಲೆಮಾರಿನ ಯೆಹೂದ್ಯರ ಮೇಲೂ ಇದೆ ಎಂದು 3ನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಓರಿಗೆನ್ ಬರೆದರು.

386ರಲ್ಲಿ ಈಗಿನ ಟರ್ಕಿಯಲ್ಲಿರುವ ಅಂತಿಯೋಕ್ಯದಲ್ಲಿ ನಡೆದದ್ದನ್ನು ಓದಿದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಅಲ್ಲಿನ ಎಷ್ಟೋ ಕ್ರೈಸ್ತರು ಯೆಹೂದ್ಯರ ಹಬ್ಬಗಳಿಗೆ ಹೋಗುತ್ತಿದ್ದರು, ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಆಣೆ ಇಡುತ್ತಿದ್ದರು. ಅಕ್ಕಪಕ್ಕದವರು ಚೆನ್ನಾಗಿಯೇ ಇದ್ದರು. ಅದನ್ನು ನಿಲ್ಲಿಸಲೆಂದೇ ಅಲ್ಲಿನ ಪಾದ್ರಿ ಜಾನ್ ಕ್ರಿಸೊಸ್ಟೊಮ್ ಚರ್ಚಿನಲ್ಲಿ ಸಾಲು ಸಾಲು ಪ್ರಸಂಗ ಮಾಡಿದರು. ಸಿನಗಾಗ್ ಅಂದರೆ ಸೂಳೆಮನೆ, ಕಳ್ಳರ ಗುಹೆ ಎಂದರು. ಬೀದಿಯಲ್ಲಿ ಇಲ್ಲದ ದ್ವೇಷವನ್ನು ಪೀಠದಿಂದ ಕಲಿಸಲಾಯಿತು.

1096ರಲ್ಲಿ ಮೊದಲ ಧರ್ಮಯುದ್ಧಕ್ಕೆ ಹೊರಟವರು ಕ್ರಿಸ್ತನ ಸಾವಿನ ಸೇಡು ಎಂದು ಹೇಳಿಕೊಂಡು ರೈನ್ ನದಿ ದಂಡೆಯ ವರ್ಮ್ಸ್, ಮೈನ್ಸ್ ಊರುಗಳ ಯೆಹೂದ್ಯರನ್ನು ಕೊಂದರು. 1543ರಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ ಸಿನಗಾಗ್‌ಗಳನ್ನು ಸುಡಿ ಎಂದು ಬರೆದರು. ನಾಜಿಗಳ ಜನಾಂಗದ್ವೇಷಕ್ಕೆ ಬೇರೆ ಬೇರುಗಳೂ ಇದ್ದವು. ಆದರೆ ಶತಮಾನಗಳ ಈ ಬೋಧನೆ ಅದಕ್ಕೆ ನೆಲ ಹದ ಮಾಡಿಕೊಟ್ಟಿತ್ತು.

ಫ್ರಾನ್ಸಿನ ಜೂಲ್ ಇಸಾಕ್ ಶಾಲೆಗಳ ಇತಿಹಾಸ ಪಠ್ಯ ಬರೆದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಯೆಹೂದಿ ಅನ್ನುವ ಕಾರಣಕ್ಕೆ ಕೆಲಸ ಕಳೆದುಕೊಂಡರು. ಹೆಂಡತಿ, ಮಗಳು ನಾಜಿಗಳ ಆಶ್‌ವಿಟ್ಜ್ ಸಾವಿನ ಶಿಬಿರಕ್ಕೆ ಹೋದವರು ವಾಪಸ್ ಬರಲಿಲ್ಲ. ಇಸಾಕ್ ತಲೆಮರೆಸಿಕೊಂಡೇ, ಯೇಸುವಿನ ಕಥೆ ಹೇಳುವ ಸುವಾರ್ತೆಗಳನ್ನು ಸಾಲು ಸಾಲಾಗಿ ಓದಿದರು. ಅಲ್ಲಿ ಇರುವುದೆಷ್ಟು, ಚರ್ಚ್ ಸೇರಿಸಿ ಕಲಿಸಿದ್ದೆಷ್ಟು ಅಂತ ಬೇರೆ ಮಾಡಿ ಬರೆದರು. 1960ರ ಜೂನ್‌ನಲ್ಲಿ ಇಸಾಕ್ ಹೋಗಿ ಪೋಪ್ 23ನೇ ಜಾನ್ ಅವರನ್ನು ಕಂಡು, ಈ ಬೋಧನೆಯನ್ನು ತಿದ್ದಿ ಎಂದು ಕೇಳಿಕೊಂಡರು.

1965ರ ಅಕ್ಟೋಬರ್ 28ರಂದು ಕ್ಯಾಥೊಲಿಕ್ ಬಿಷಪರ ವ್ಯಾಟಿಕನ್ ಮಹಾಸಭೆ ಘೋಷಣೆ ಹೊರಡಿಸಿತು. ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ ಎಂದಿತು. ಪರವಾಗಿ 2,221 ಮತ, ವಿರುದ್ಧ 88. ಅದನ್ನು ನೋಡಲು ಇಸಾಕ್ ಇರಲಿಲ್ಲ. ಎರಡು ವರ್ಷ ಹಿಂದೆಯೇ ತೀರಿಕೊಂಡಿದ್ದರು.