1.97 ಕೋಟಿ ಮತ, ಎಲೆಕ್ಟರ್ ಮಾತ್ರ ಸೊನ್ನೆ

ಅಮೆರಿಕದ ಅಧ್ಯಕ್ಷ ಚುನಾವಣೆಯ ಪಾಠ ಮಾಡುವಾಗ ನಾನು ಬೋರ್ಡ್ ಮೇಲೆ ಮೊದಲು ಬರೆಯುವುದು 1948ರ ಎರಡು ಹೆಸರು: ಸ್ಟ್ರಾಮ್ ಥರ್ಮಂಡ್, ಹೆನ್ರಿ ವ್ಯಾಲೇಸ್. ಇಬ್ಬರೂ ದೊಡ್ಡ ಪಕ್ಷಗಳಿಂದ ಹೊರಬಂದು ನಿಂತವರು. ಇಬ್ಬರಿಗೂ ಹೆಚ್ಚುಕಮ್ಮಿ ಶೇ. 2.4ರಷ್ಟು ಮತ ಬಿತ್ತು. ಆದರೆ ಥರ್ಮಂಡ್‌ಗೆ 39 ಎಲೆಕ್ಟರ್ (ಅಧ್ಯಕ್ಷರನ್ನು ಕೊನೆಗೆ ಆರಿಸುವ, ರಾಜ್ಯಗಳ ಪ್ರತಿನಿಧಿಗಳು) ಮತ, ವ್ಯಾಲೇಸ್‌ಗೆ ಒಂದೂ ಇಲ್ಲ!

ಅಲ್ಲಿ ಲೆಕ್ಕ ನಡೆಯುವುದು ರಾಜ್ಯವಾರು. ಇವತ್ತಿಗೂ ಮೇನ್, ನೆಬ್ರಾಸ್ಕ ಬಿಟ್ಟರೆ ಎಲ್ಲ ಕಡೆ, ಒಂದೇ ಒಂದು ಮತ ಜಾಸ್ತಿ ಬಂದರೂ ಆ ರಾಜ್ಯದ ಎಲೆಕ್ಟರ್‌ಗಳೆಲ್ಲ ಗೆದ್ದವರ ಪಾಲು. ಥರ್ಮಂಡ್ ಕಪ್ಪುಜನರಿಗೆ ಸಮಾನ ಹಕ್ಕು ಕೊಡಬಾರದು ಎಂದು ನಿಂತಿದ್ದವರು. ಅವರ ಮತಗಳೆಲ್ಲ ದಕ್ಷಿಣದಲ್ಲೇ ಗುಡ್ಡೆ ಬಿದ್ದವು, ನಾಲ್ಕು ರಾಜ್ಯ ಕೈಗೆ ಬಂದವು. ಅಲಬಾಮದಲ್ಲಂತೂ ಅಧ್ಯಕ್ಷ ಟ್ರೂಮನ್‌ಗೆ ಮತ ಹಾಕೋಣವೆಂದರೆ ಮತಪತ್ರದಲ್ಲಿ ಅವರೇ ಇರಲಿಲ್ಲ. ವ್ಯಾಲೇಸ್‌ಗೆ ನ್ಯೂಯಾರ್ಕ್ ಒಂದರಲ್ಲೇ 5 ಲಕ್ಷಕ್ಕೂ ಹೆಚ್ಚು ಮತ ಸಿಕ್ಕಿತು. ಆದರೂ ಅಲ್ಲಿ ಅವರು ಮೂರನೆಯವರು.

ಇದು ಅರ್ಥವಾದರೆ 1992ರ ರಾಸ್ ಪೆರೋ ಕಥೆಯೂ ಅರ್ಥವಾಗುತ್ತದೆ. ಟೆಕ್ಸಸ್‌ನ ಈ ಭಾರೀ ಶ್ರೀಮಂತ ಸ್ವಂತ ದುಡ್ಡಿನಲ್ಲಿ ಅರ್ಧ ಗಂಟೆಯ ಟಿವಿ ಸಮಯ ಕೊಂಡು, ಚಾರ್ಟ್ ಹಿಡಿದು ದೇಶದ ಸಾಲದ ಲೆಕ್ಕ ಹೇಳಿದರು. ಜನ ಕೂತು ನೋಡಿದರು. ಜುಲೈನಲ್ಲಿ ಕಣದಿಂದ ಸರಿದು ಅಕ್ಟೋಬರ್‌ನಲ್ಲಿ ವಾಪಸ್ ಬಂದರೂ ಶೇ. 18.9 ಮತ ಪಡೆದರು. ಅಂದರೆ ಸುಮಾರು 1.97 ಕೋಟಿ. ಆದರೆ ಆ ಮತ ದೇಶದ ತುಂಬಾ ಹರಡಿತ್ತು, ಎಲ್ಲೂ ಮೊದಲ ಸ್ಥಾನ ಸಿಗಲಿಲ್ಲ. ಆ ವರ್ಷದ ಮೂರೂ ಟಿವಿ ಚರ್ಚೆಗಳಲ್ಲಿ ಅವರಿಗೆ ಜಾಗ ಸಿಕ್ಕಿತ್ತು. 1996ರಲ್ಲಿ ಸಿಗಲಿಲ್ಲ, ಮತ ಶೇ. 8.4ಕ್ಕೆ ಇಳಿಯಿತು.

ಮತಪತ್ರದಲ್ಲಿ ಹೆಸರು ಹಾಕಿಸುವುದೇ ಒಂದು ಯುದ್ಧ. ಪಕ್ಷೇತರರಿಗೆ ಟೆನೆಸ್ಸಿಯಲ್ಲಿ 275 ಮತದಾರರ ಸಹಿ ಸಾಕು. ಟೆಕ್ಸಸ್‌ನಲ್ಲಿ 2024ರಲ್ಲಿ 1.13 ಲಕ್ಷಕ್ಕೂ ಹೆಚ್ಚು ಸಹಿ ಬೇಕಿತ್ತು. ಅದರಲ್ಲೂ ಆ ವರ್ಷ ಯಾವುದೇ ಪಕ್ಷದ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಚುನಾವಣೆ) ಮತ ಹಾಕಿದವರು ಸಹಿ ಹಾಕುವಂತಿಲ್ಲ. ಇದು ಬಾಗಿಲು ಮುಚ್ಚುವ ನಿಯಮ ಅಂತಲೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ದಾಟಿ ನಿಂತವರಿಗೆ ಕೊನೆಗೆ ಸಿಗುವುದು 'ಮತ ಒಡೆದವರು' ಎಂಬ ಬೈಗುಳ. 2000ದಲ್ಲಿ ಫ್ಲಾರಿಡದಲ್ಲಿ ಬುಷ್ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ ವಿರುದ್ಧ ಗೆದ್ದಿದ್ದು 537 ಮತಗಳಿಂದ. ಅಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ ಬಿದ್ದಿದ್ದು 97,488. ಇಂದಿಗೂ ಎಷ್ಟೋ ಡೆಮಾಕ್ರಟರು ನೇಡರ್‌ ಹೆಸರು ಕೇಳಿದರೆ ಸಿಟ್ಟಾಗುತ್ತಾರೆ. ನನಗೆ ಈ ಸಿಟ್ಟು ನ್ಯಾಯ ಅನ್ನಿಸುವುದಿಲ್ಲ. ಮನಸ್ಸಿಗೆ ಒಪ್ಪಿದವರಿಗೆ ಮತ ಹಾಕುವುದು ತಪ್ಪಾ? ತಪ್ಪಿರುವುದು ಒಂದೇ ಆಯ್ಕೆ ಕೊಟ್ಟು ಕೈಕಟ್ಟುವ ವ್ಯವಸ್ಥೆಯಲ್ಲಿ.

ಮೇನ್ ರಾಜ್ಯ ಇದಕ್ಕೊಂದು ದಾರಿ ಹುಡುಕಿತು. 2020ರಿಂದ ಅಲ್ಲಿ ಅಧ್ಯಕ್ಷ ಚುನಾವಣೆಯಲ್ಲೂ ಮತದಾರರು ಮೊದಲ ಆಯ್ಕೆ, ಎರಡನೇ ಆಯ್ಕೆ ಎಂದು ಗುರುತು ಹಾಕಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ, ಕೊನೆಯ ಸ್ಥಾನದಲ್ಲಿರುವವರನ್ನು ಕೈಬಿಟ್ಟು ಅವರ ಮತವನ್ನು ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಮೂರನೆಯವರಿಗೆ ಹಾಕಿದ ಮತ ಸುಮ್ನೆ ಹಾಳಾಗುವುದಿಲ್ಲ. ಅಲಾಸ್ಕದಲ್ಲೂ ಈ ಪದ್ಧತಿ ಬಂದಿದೆ. 2024ರ ನವೆಂಬರ್‌ನಲ್ಲಿ ಆರೆಗನ್, ಕೊಲರಾಡೊ, ನೆವಾಡ, ಐಡಹೊ ರಾಜ್ಯಗಳ ಮತದಾರರು ಇಂಥ ಪ್ರಸ್ತಾವಗಳನ್ನು ತಿರಸ್ಕರಿಸಿದರು. ಅಲಾಸ್ಕದವರು ಮಾತ್ರ ಬಹಳ ಕಡಿಮೆ ಅಂತರದಲ್ಲಿ ತಮ್ಮದನ್ನು ಉಳಿಸಿಕೊಂಡರು.