ಐಸ್ ರೆಸ್ಕ್ಯೂ ಸೂಟಿನ ಪರೀಕ್ಷೆಗಳು: ಒಳಗಿನ ಗಾಳಿಯ ಲೆಕ್ಕ

2009ರ ಫೆಬ್ರವರಿ 7ರಂದು ಅಮೆರಿಕದ ಓಹಾಯೋ ತೀರದಲ್ಲಿ, ಹೆಪ್ಪುಗಟ್ಟಿದ ಈರಿ ಸರೋವರದ ಮೇಲೆ ಗಾಳ ಹಾಕಿ ಕೂತಿದ್ದವರ ಕಾಲಡಿಯ ಮಂಜುಗಡ್ಡೆಯೇ ದಡದಿಂದ ಬಿರಿದು ತೇಲಿಹೋಯಿತು. ಕೋಸ್ಟ್ ಗಾರ್ಡ್ ಮತ್ತು ಸುತ್ತಲಿನ ಊರುಗಳ ತಂಡಗಳು 130ಕ್ಕೂ ಹೆಚ್ಚು ಜನರನ್ನು ದಡ ಸೇರಿಸಿದವು. ಒಬ್ಬರು ತೀರಿಕೊಂಡರು. ಇಂಥ ಕರೆ ಬಂದಾಗ ಹೊರಡುವ ರಕ್ಷಕರು ಹಾಕಿಕೊಳ್ಳುವುದು ತಲೆಯಿಂದ ಪಾದದವರೆಗೆ ಒಂದೇ ತುಂಡಿನ, ಕಣ್ಣಿಗೆ ಹೊಡೆಯುವ ಹಳದಿ ಅಥವಾ ಕಿತ್ತಳೆ ಬಣ್ಣದ ಸೂಟು. ಬೂಟು, ಕೈಗವಸು, ಹುಡ್ ಎಲ್ಲ ಅದಕ್ಕೇ ಅಂಟಿಕೊಂಡಿರುತ್ತವೆ. ಎದೆಯ ಮೇಲೆ ನೀರು ಬಿಡದ ದಪ್ಪ ಜಿಪ್, ಬೆನ್ನಿಗೆ ದಡದವರು ಹಿಡಿದಿರುವ ಹಗ್ಗ.

ರಕ್ಷಣಾ ಉಡುಪಿನ ಪಾಠದಲ್ಲಿ ಈ ಸೂಟಿನ ಪರೀಕ್ಷೆಗಳು ಬಂದಾಗ ಪಟ್ಟಿ ನನಗೆ ಬಾಯಿಪಾಠವಾಯಿತು. ಯಾವ ಪರೀಕ್ಷೆ ಏಕೆ ಎನ್ನುವುದು ಮಾತ್ರ ತಲೆಗೆ ಹತ್ತಲಿಲ್ಲ. ಎಲ್ಲವನ್ನೂ ಒಂದೇ ಪ್ರಶ್ನೆಗೆ ಕಟ್ಟಿ ಓದಿದ ಮೇಲೆ ಗಂಟು ಬಿಚ್ಚಿಕೊಂಡಿತು. ಸೂಟಿನೊಳಗೆ ಹಿಡಿದಿಟ್ಟ ಗಾಳಿ ಎಲ್ಲಿ, ಹೇಗೆ ಕಳೆದುಹೋಗುತ್ತಿದೆ? ಈ ಟಿಪ್ಪಣಿಯನ್ನು ಅದೇ ದಾರಿಯಲ್ಲಿ ಬರೆದಿದ್ದೇನೆ.

ಬಟ್ಟೆ ಬೆಚ್ಚಗಿರುವುದು ಏಕೆ

ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಹೋದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಉಣ್ಣೆಗೆ ಸ್ವಂತ ಬಿಸಿ ಇಲ್ಲ. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಶಾಖವನ್ನು ಹೊರಗೆ ಬಿಡುವುದಿಲ್ಲ, ಅಷ್ಟೆ. ಗಾಳಿಯ ಶಾಖವಾಹಕತೆ ಸುಮಾರು 0.026, ನೀರಿನದು ಸುಮಾರು 0.6 (ಎರಡೂ ವ್ಯಾಟ್/ಮೀಟರ್·ಕೆಲ್ವಿನ್‌ನಲ್ಲಿ). ಅಂದರೆ ಗಾಳಿ ಇದ್ದ ಜಾಗಕ್ಕೆ ನೀರು ಬಂದರೆ ಅಲ್ಲಿ ಶಾಖ 20 ಪಟ್ಟಿಗೂ ಮಿಕ್ಕಿ ಸಲೀಸಾಗಿ ಹರಿದುಹೋಗುತ್ತದೆ.

ಮನೆಯಲ್ಲೇ ನೋಡಬಹುದು. ಎರಡು ಒಂದೇ ಅಳತೆಯ ಸ್ಟೀಲ್ ಚೊಂಬಿಗೆ ಒಂದೇ ಪಾತ್ರೆಯ ಬಿಸಿನೀರು ತುಂಬಿ, ಬಾಯಿಗೆ ತಟ್ಟೆ ಮುಚ್ಚಿ. ಒಂದಕ್ಕೆ ಒಣ ಟವೆಲ್, ಇನ್ನೊಂದಕ್ಕೆ ಒದ್ದೆ ಮಾಡಿ ಹಿಂಡಿದ ಟವೆಲ್ ಸುತ್ತಿ ಫ್ಯಾನಿನ ಕೆಳಗಿಡಿ. ಐದೈದು ನಿಮಿಷಕ್ಕೆ ಥರ್ಮಾಮೀಟರ್ ಅದ್ದಿ ಬರೆದುಕೊಂಡು ಗ್ರಾಫ್ ಎಳೆಯಿರಿ. ಒದ್ದೆ ಟವೆಲಿನ ಗೆರೆ ಮೊದಲಿನಿಂದಲೇ ಕೆಳಗೆ ಜಾರುತ್ತದೆ. ಅಲ್ಲಿ ನೀರು ಶಾಖವನ್ನು ಸಾಗಿಸುವುದರ ಜೊತೆಗೆ ಆವಿಯಾಗುತ್ತಲೂ ಶಾಖ ಕದಿಯುತ್ತದೆ. ಬೆವರಿನ ಮಾತು ಬಂದಾಗ ಈ ಚೊಂಬನ್ನು ನೆನಪಿಸಿಕೊಳ್ಳಿ.

ಕ್ಲೋ ಮತ್ತು ತಾಮ್ರದ ಗೊಂಬೆ

ಬಟ್ಟೆ ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ ಕ್ಲೋ. 1941ರಲ್ಲಿ ಗ್ಯಾಗೆ, ಬರ್ಟನ್, ಬ್ಯಾಝೆಟ್ ಎಂಬ ಮೂವರು ಇದನ್ನು ಮುಂದಿಟ್ಟರು. 21 ಡಿಗ್ರಿ ಸೆಲ್ಸಿಯಸ್ ಕೋಣೆಯಲ್ಲಿ ಸುಮ್ಮನೆ ಕೂತವನಿಗೆ ಹಿತವೆನಿಸುವಷ್ಟು ಬಟ್ಟೆ 1 ಕ್ಲೋ. ಭೌತಶಾಸ್ತ್ರದ ಲೆಕ್ಕದಲ್ಲಿ 0.155 ಚದರ ಮೀಟರ್·ಕೆಲ್ವಿನ್/ವ್ಯಾಟ್.

ಅಳೆಯುವುದಕ್ಕೆ ಮನುಷ್ಯಾಕಾರದ ಗೊಂಬೆ ಬೇಕು. 1940ರ ದಶಕದಲ್ಲಿ ಅಮೆರಿಕದ ಸೇನೆಯ ಉಡುಪು ಸಂಶೋಧನೆಗೆ ತಾಮ್ರದ ಗೊಂಬೆಗಳನ್ನು ಮಾಡಿದರು. ಒಳಗೆ ವಿದ್ಯುತ್ ತಂತಿ, ಹೊರಗೆ ಚರ್ಮದಂತೆ ಬಿಸಿಯಾದ ಲೋಹ. ಇಂದಿನ ಗೊಂಬೆಗಳಲ್ಲಿ ಎದೆ, ಬೆನ್ನು, ಕೈ, ಪಾದಗಳಿಗೆ ಬೇರೆ ಬೇರೆ ಹೀಟರ್ ಇರುತ್ತದೆ. ತತ್ವ ಮಾತ್ರ ಅದೇ. ಗೊಂಬೆಯ ಮೈಯನ್ನು 34 ಡಿಗ್ರಿಯಲ್ಲಿ ಕಾಯ್ದುಕೊಳ್ಳಲು ಎಷ್ಟು ವಿದ್ಯುತ್ ಬೇಕಾಯಿತೋ ಅಷ್ಟೇ ಶಾಖ ಬಟ್ಟೆಯ ಮೂಲಕ ಹೊರಹೋಗಿದೆ.

ಒಂದು ಲೆಕ್ಕ ಮಾಡೋಣ. ಗೊಂಬೆಯ ಮೈ 34 ಡಿಗ್ರಿ, ಕೋಣೆ 4 ಡಿಗ್ರಿ, ಮೈಯ ವಿಸ್ತೀರ್ಣ 1.8 ಚದರ ಮೀಟರ್, ಹೀಟರ್ ಎಳೆದದ್ದು 120 ವ್ಯಾಟ್ ಎಂದಿಟ್ಟುಕೊಳ್ಳಿ. 30 × 1.8 ÷ 120 = 0.45. ಕ್ಲೋಗೆ ತಿರುಗಿಸಲು 0.155ರಿಂದ ಭಾಗಿಸಿ: ಸುಮಾರು 2.9. ಇಲ್ಲಿ ಬಹಳ ಜನ ಎಡವುತ್ತಾರೆ. ಈ 2.9 ಪೂರ್ತಿ ಬಟ್ಟೆಯದಲ್ಲ. ಬಟ್ಟೆಯ ಹೊರಮೈಗೆ ಅಂಟಿಕೊಂಡು ನಿಂತ ತೆಳು ಗಾಳಿಪದರದ ಪಾಲೂ ಇದರಲ್ಲಿ ಸೇರಿದೆ. ಬೀಸುಗಾಳಿಯಲ್ಲಿ ಆ ಪದರ ಹರಿದುಹೋಗುತ್ತದೆ, ನೀರಿಗಿಳಿದರೆ ಇಲ್ಲವೇ ಇಲ್ಲ.

ಯುರೋಪಿನ ಇಎನ್ 342 ಎಂಬ ಮಾನದಂಡ ಇರುವುದು ಮೈನಸ್ 5 ಡಿಗ್ರಿ ಮತ್ತು ಅದಕ್ಕಿಂತ ಕೆಳಗಿನ ಚಳಿಯ ಉಡುಪಿಗೆ. ಅದರಲ್ಲಿ ಗೊಂಬೆ ನಿಂತಿರುವುದಿಲ್ಲ, ಕೈಕಾಲು ಬೀಸಿ ನಡೆಯುತ್ತದೆ, ಏಕೆಂದರೆ ನಡೆಯುವಾಗ ಕುತ್ತಿಗೆ, ತೋಳಿನ ಬಾಯಿಗಳಿಂದ ಬೆಚ್ಚನೆಯ ಗಾಳಿ ತಿದಿಯೊತ್ತಿದಂತೆ ಆಚೆ ಬರುತ್ತದೆ. ಕನಿಷ್ಠ ಬೇಕಾದದ್ದು 0.310, ಅಂದರೆ ಸರಿಯಾಗಿ 2 ಕ್ಲೋ. ದಡದಲ್ಲಿ ಹಗ್ಗ ಹಿಡಿದು ನಿಂತವರ ಉಡುಪಿಗೆ ನೋಡಬೇಕಾದದ್ದು ಈ ಬಗೆಯ ಅಂಕಿ. ನೀರಿಗಿಳಿಯುವವರಿಗೆ ಬೇರೆ ಲೆಕ್ಕ.

ನೀರು ಒತ್ತುತ್ತದೆ

ಸೂಟು ಹಾಕಿ ನೀರಿಗಿಳಿದಾಗ ಮೊದಲು ಆಗುವುದು ಸೋರಿಕೆಯಲ್ಲ, ಒತ್ತಡ. ಒಂದು ಮೀಟರ್ ಆಳಕ್ಕೆ ಸುಮಾರು 10 ಕಿಲೋಪ್ಯಾಸ್ಕಲ್ ಹೆಚ್ಚಾಗುತ್ತದೆ. ಕಾಲುಗಳ ಸುತ್ತ ಇದ್ದ ಗಾಳಿ ಮೇಲಕ್ಕೆ ಹಿಂಡಿಕೊಂಡು ಭುಜದ ಹತ್ತಿರ ಉಬ್ಬುತ್ತದೆ, ಬಟ್ಟೆ ಪಿಂಡಿಗೆ ಅಂಟುತ್ತದೆ. ಹಾಗಂತ ಗಾಳಿ ಬೇಕಾಬಿಟ್ಟಿ ತುಂಬಿರಲೂ ಬಾರದು. ಗಾಳಿ ಕಾಲಿನ ಕಡೆ ಓಡಿದರೆ ಪಾದ ಮೇಲಾಗಿ ತಲೆ ಕೆಳಗಾಗುತ್ತದೆ. ಅದಕ್ಕೇ ರಕ್ಷಕರು ನೀರಿಗಿಳಿಯುವ ಮುಂಚೆ ಕುಕ್ಕರುಗಾಲಲ್ಲಿ ಕೂತು, ಮಂಡಿ ಅಪ್ಪಿಕೊಂಡು, ಕುತ್ತಿಗೆಯ ಸೀಲನ್ನು ಒಂದು ಬೆರಳಿಂದ ಸ್ವಲ್ಪ ಎಳೆದು ಹೆಚ್ಚಿನ ಗಾಳಿಯನ್ನು ಬುಸ್ಸೆಂದು ಬಿಡುತ್ತಾರೆ.

ಹೀಗೆ ಒತ್ತಿಸಿಕೊಂಡ ಮೇಲೆ ಉಳಿಯುವ ತಡೆಯನ್ನು ನೀರೊಳಗಿನ ಕ್ಲೋ ಎನ್ನುತ್ತಾರೆ. ಕೆನಡಾದ ಮಾನದಂಡಗಳಲ್ಲಿ ಇಮ್ಮರ್ಶನ್ ಸೂಟಿಗೆ, ಅಂದರೆ ತಣ್ಣೀರಿಗೆ ಬಿದ್ದವರನ್ನು ಕಾಯುವ ಸೂಟಿಗೆ, ಕಾಣುವ ಅಂಕಿ 0.75. ಗಾಳಿಯಲ್ಲಿ 2 ದಾಟುವುದು ನೀರಲ್ಲಿ 1 ಕೂಡ ಮುಟ್ಟುವುದಿಲ್ಲ ಎಂದು ನೋಡಿದಾಗ ನನಗೆ ಮುದ್ರಣದೋಷವೇನೋ ಅನ್ನಿಸಿತ್ತು. ಅಲ್ಲ, ನಿಜವೇ ಅಷ್ಟು.

0.75 ಕ್ಲೋ ಎಂದರೆ ಭೌತಶಾಸ್ತ್ರದ ಲೆಕ್ಕದಲ್ಲಿ 0.116. ನೀರು 0 ಡಿಗ್ರಿ, ಚರ್ಮದ ಸರಾಸರಿ 20 ಡಿಗ್ರಿಗೆ ಇಳಿದಿದೆ ಎಂದುಕೊಂಡರೆ 20 × 1.8 ÷ 0.116, ಸುಮಾರು 310 ವ್ಯಾಟ್ ಶಾಖ ಹೋಗುತ್ತಿದೆ. ಸುಮ್ಮನೆ ಕೂತ ಮೈ ಹುಟ್ಟಿಸುವುದು ಚದರ ಮೀಟರಿಗೆ 58 ವ್ಯಾಟ್, ಒಟ್ಟು 105ರ ಆಸುಪಾಸು. ಉಳಿದ 200 ವ್ಯಾಟನ್ನು ನಡುಕವೋ ಕೈಕಾಲಿನ ದುಡಿಮೆಯೋ ತುಂಬಿಕೊಡಬೇಕು.

ಮನುಷ್ಯರನ್ನೇ ತಣ್ಣೀರಿಗಿಳಿಸುವ ಪರೀಕ್ಷೆ

ಗೊಂಬೆ ನಡುಗುವುದಿಲ್ಲ. ಆದ್ದರಿಂದ ಕೊನೆಗೆ ಜನರೇ ಇಳಿಯಬೇಕು. ಹಡಗುಗಳ ಇಮ್ಮರ್ಶನ್ ಸೂಟಿಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಇಟ್ಟ ನಿಯಮ ಈ ಕ್ಷೇತ್ರಕ್ಕೆಲ್ಲ ಅಡಿಗಲ್ಲು. ಸೂಟನ್ನು ಯಾರ ಸಹಾಯವೂ ಇಲ್ಲದೆ 2 ನಿಮಿಷದಲ್ಲಿ ಹಾಕಿಕೊಳ್ಳಲಾಗಬೇಕು. 4.5 ಮೀಟರ್ ಎತ್ತರದಿಂದ ನೀರಿಗೆ ಹಾರಬೇಕು. ಅದಾದ ಮೇಲೆ, ಶಾಖ ತಡೆಯುವ ಬಗೆಯ ಸೂಟಾದರೆ, 0ರಿಂದ 2 ಡಿಗ್ರಿ ನೀರಿನಲ್ಲಿ 6 ಗಂಟೆ ಇದ್ದರೂ ಒಳಮೈಯ ತಾಪಮಾನ 2 ಡಿಗ್ರಿಗಿಂತ ಹೆಚ್ಚು ಇಳಿಯಬಾರದು. ಕನಿಷ್ಠ 6 ಜನ ಬೇಕು, ಬೇರೆ ಬೇರೆ ಎತ್ತರ, ತೂಕದವರು. ತೆಳ್ಳಗಿನವರು ಬೇಗ ತಣಿಯುತ್ತಾರೆ, ದಪ್ಪಗಿನವರನ್ನೇ ಆರಿಸಿಕೊಂಡರೆ ಯಾವ ಸೂಟೂ ಗೆದ್ದುಬಿಡುತ್ತದೆ.

ಆ 2 ಡಿಗ್ರಿ ಎಷ್ಟು ಬಿಗಿ ಎಂದು ನೋಡಿ. 70 ಕಿಲೋ ಮೈಯನ್ನು 1 ಡಿಗ್ರಿ ತಣಿಸಲು ಸುಮಾರು 243 ಕಿಲೋಜೌಲ್ ಶಾಖ ಹೋಗಬೇಕು. ಇಡೀ ಮೈ 2 ಡಿಗ್ರಿ ತಣಿದರೆ 486. ಅದನ್ನು 6 ಗಂಟೆಯ 21,600 ಸೆಕೆಂಡಿಗೆ ಹಂಚಿದರೆ ಬರುವುದು 22 ವ್ಯಾಟ್ ಚಿಲ್ಲರೆ, ನಮ್ಮ ಮನೆಯ ಒಂದು ಎಲ್‌ಇಡಿ ಟ್ಯೂಬ್‌ಲೈಟಿನಷ್ಟು. 310 ವ್ಯಾಟಿನ ಹರಿವಿನಲ್ಲಿ ಒಂದು ಟ್ಯೂಬ್‌ಲೈಟಿನಷ್ಟು ಏರುಪೇರಾದರೆ ಫಲಿತಾಂಶವೇ ಬದಲಾಗುತ್ತದೆ. ತಳ್ಳಿಹಾಕಬಹುದಾದ ಸಣ್ಣ ಸೋರಿಕೆ ಎಂಬುದು ಇಲ್ಲ.

ಈ ಪರೀಕ್ಷೆಗೆ ಇಳಿಯುವವರು ಒಪ್ಪಿ ಬಂದ ಸ್ವಯಂಸೇವಕರು. ಬೇಡ ಎನಿಸಿದ ಕ್ಷಣ ಎದ್ದುಬರುವ ಹಕ್ಕು ಅವರಿಗಿದೆ, ಪಕ್ಕದಲ್ಲಿ ವೈದ್ಯರಿರುತ್ತಾರೆ. ಕೈ, ಪಾದ, ಸೊಂಟದ ಚರ್ಮ 10 ಡಿಗ್ರಿಗಿಂತ ಕೆಳಗೆ ಉಳಿಯಗೊಡುವುದಿಲ್ಲ. ದಾಖಾವ್ ಶಿಬಿರದಲ್ಲಿ 1942-43ರಲ್ಲಿ ನಾಜಿಗಳು ಕೈದಿಗಳನ್ನು ಮಂಜಿನ ನೀರಿಗೆ ಅದ್ದಿ ಕೊಂದದ್ದು ಇದೇ ವಿಷಯದ ಹೆಸರಿನಲ್ಲಿ. ನಿಲ್ಲಿಸುವ ನಿಯಮಗಳನ್ನು ಓದುವಾಗ ಅದು ನೆನಪಿರಬೇಕು. ಇವು ಯಂತ್ರದ ಸೆಟ್ಟಿಂಗುಗಳಲ್ಲ, ಜನರ ಪ್ರಾಣದ ಬೆಲೆ ತೆತ್ತು ಕಲಿತ ಗೆರೆಗಳು.

ಸೋರಿಕೆ

ಸೋರಿಕೆ ಅಳೆಯುವ ಕ್ರಮ ಸರಳ, ಚೆಂದ. ಸೂಟು ಹಾಕಿದವರನ್ನು ಮೊದಲೇ ಹೊರಗಿನಿಂದ ಪೂರ್ತಿ ಒದ್ದೆ ಮಾಡಿ ತೂಗುತ್ತಾರೆ. ಆಮೇಲೆ ಹಾರಿಸಿ, ಈಜಿಸಿ, ನೀರು ತೊಟ್ಟಿಕ್ಕಿದ ಮೇಲೆ ಮತ್ತೆ ತೂಗುತ್ತಾರೆ. ಮೊದಲೇ ಒದ್ದೆ ಮಾಡದಿದ್ದರೆ ಹೊರಬಟ್ಟೆ ಹೀರಿದ ನೀರೂ ಸೋರಿಕೆಯ ಲೆಕ್ಕಕ್ಕೆ ಬಂದುಬಿಡುತ್ತಿತ್ತು. ಹಾರಿದ ಮೇಲೆ 500 ಗ್ರಾಂ, ಒಂದು ಗಂಟೆ ತೇಲಿದ ಅಥವಾ 20 ನಿಮಿಷ ಈಜಿದ ಮೇಲೆ 200 ಗ್ರಾಂ, ಇದು ಮಿತಿ.

ಅರ್ಧ ಲೀಟರ್ ನೀರು, ಒಂದು ಹಾಲಿನ ಪ್ಯಾಕೆಟ್ಟಿನಷ್ಟು. ಅಷ್ಟು ಮುಂಡದ ಸುತ್ತ ಒದ್ದೆ ಮಾಡಿದರೆ ಶಾಖತಡೆ ಸುಮಾರು 30 ಶೇಕಡಾ ಕುಸಿಯುತ್ತದೆ. ಮೇಲಿನ ಲೆಕ್ಕದಲ್ಲಿ 0.116ರ ಜಾಗದಲ್ಲಿ 0.081 ಇಡಿ. ಹೋಗುವ ಶಾಖ 310ರಿಂದ ಸುಮಾರು 440 ವ್ಯಾಟಿಗೆ ಏರುತ್ತದೆ.

ಈ ಅಂಕಿಯ ಹಿಂದೆ ಜೀವಗಳಿವೆ. 1982ರ ಫೆಬ್ರವರಿ 15ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಆಚೆ ಓಶನ್ ರೇಂಜರ್ ಎಂಬ ತೈಲ ಬಾವಿಯ ತೇಲುಕಟ್ಟೆ ಬಿರುಗಾಳಿಗೆ ಮುಳುಗಿ, ಅದರಲ್ಲಿದ್ದ 84 ಜನರೂ ಸತ್ತರು. ಮಂಜಿನ ನೀರಿಗೆ ಬಿದ್ದವರ ಮೈಮೇಲೆ ತಕ್ಕ ಸೂಟಿರಲಿಲ್ಲ. 2009ರ ಮಾರ್ಚ್ 12ರಂದು ಅದೇ ಕಡಲಲ್ಲಿ ಕೂಗರ್ 491 ಹೆಲಿಕಾಪ್ಟರ್ ಬಿದ್ದಾಗ ಎಲ್ಲರೂ ಸೂಟು ಹಾಕಿದ್ದರು. 18 ಜನರಲ್ಲಿ ಬದುಕಿದ್ದು ಒಬ್ಬರೇ. ಆಮೇಲೆ ಸೂಟು ಯಾರ ಮೈಗೆ ಎಷ್ಟು ಸರಿಹೊಂದುತ್ತದೆ, ಮುಖದ ಸೀಲು ಕೂರುತ್ತದೆಯೇ ಎಂಬುದು ದೊಡ್ಡ ಚರ್ಚೆಯಾಯಿತು. ಅಂದಾಜಿನ ಸ್ಮಾಲ್, ಮೀಡಿಯಂ, ಲಾರ್ಜ್ ಲೆಕ್ಕ ನಡೆಯುವುದಿಲ್ಲ. ಕೆನ್ನೆ ಮತ್ತು ಸೀಲಿನ ನಡುವೆ ಒಂದು ಬೆರಳು ತೂರುವಷ್ಟು ಸಂದಿಯಿದ್ದರೂ ಪ್ರತಿ ಅಲೆಗೂ ನೀರು ಒಳಗೆ ಬರುತ್ತದೆ.

ಅಲೆ ಎಂದದ್ದಕ್ಕೆ ಕಾರಣವಿದೆ. ನಿಯಮದ ಕೊಳ ಶಾಂತವಾಗಿರುತ್ತದೆ. ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್‌ನಲ್ಲಿ ಕೃತಕ ಅಲೆ, ಗಾಳಿ ಎಬ್ಬಿಸಿ ಮಾಡಿದ ಪ್ರಯೋಗಗಳಲ್ಲಿ ಅದೇ ಸೂಟಿನಿಂದ ಹೆಚ್ಚು ಶಾಖ ಹೋಯಿತು. ಶಾಂತ ನೀರಿನ ಅಂಕಿಯನ್ನು ಮಿತಿಯೆಂದು ಓದಿ, ಭರವಸೆಯೆಂದು ಓದಬೇಡಿ.

ರಕ್ಷಕರ ಕಷ್ಟವೇ ಬೇರೆ

ಹಡಗಿನಿಂದ ಹಾರಿದವರು ತೇಲುತ್ತ ಕಾಯುತ್ತಾರೆ. ಐಸ್ ರೆಸ್ಕ್ಯೂ ಮಾಡುವವರು ಮಂಜಿನ ಮೇಲೆ ಹೊಟ್ಟೆಯಲ್ಲಿ ತೆವಳುತ್ತಾರೆ. ತೂಕ ಒಂದೇ ಕಡೆ ಬೀಳಬಾರದು ಎಂದು ಕೈಕಾಲು ಅಗಲಿಸಿ ಹೋಗುತ್ತಾರೆ, ಸಿಕ್ಕಿಬಿದ್ದವರ ಹಿಂದಿನಿಂದ ನೀರಿಗಿಳಿಯುತ್ತಾರೆ, ಪಟ್ಟಿ ಸುತ್ತಿ ಕೊಕ್ಕೆ ಹಾಕುತ್ತಾರೆ, ದಡದವರು ಎಳೆಯುತ್ತಾರೆ. ಇಷ್ಟರಲ್ಲಿ ಬೆವರು ಒಳಬಟ್ಟೆಯನ್ನು ನೆನೆಸಿರುತ್ತದೆ. ಹೊರಗಿನಿಂದ ಒಂದು ತೊಟ್ಟೂ ಸೋರದಿದ್ದರೂ ಒಳಗಿನಿಂದಲೇ ಗಾಳಿಯ ಜಾಗಕ್ಕೆ ನೀರು ಬಂದಿದೆ. ಚೊಂಬಿನ ಒದ್ದೆ ಟವೆಲ್! ಇದನ್ನು ನೋಡಲೆಂದೇ ಬೆವರುವ ಗೊಂಬೆಗಳಿವೆ. ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆಯ ಸ್ಯಾಮ್ ಅಂಥದ್ದು. ಹಾಂಗ್‌ಕಾಂಗಿನ ವಾಲ್ಟರ್ ಎಂಬುದಂತೂ ಬಟ್ಟೆಯ ಚರ್ಮದೊಳಗೆ ನೀರು ತುಂಬಿಕೊಂಡೇ ನಿಲ್ಲುತ್ತದೆ. ಒಳಗೆ ಹತ್ತಿ ಬನಿಯನ್ ಹಾಕಬೇಡಿ, ಉಣ್ಣೆಯೋ ಪಾಲಿಯೆಸ್ಟರೋ ಹಾಕಿ ಎಂದು ತಂಡಗಳು ಹೇಳುವುದು ಇದಕ್ಕೇ. ಹತ್ತಿ ಬೆವರನ್ನು ಹೀರಿ ಹಿಡಿದುಕೊಳ್ಳುತ್ತದೆ.

ನೀರು ಬಿಟ್ಟು ಮೇಲೆ ಬಂದಾಗ ಗಾಳಿ ಹೊಡೆಯುತ್ತದೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಇದ್ದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ. ಕೆನ್ನೆ, ಮೂಗು ಮಾತ್ರ ತೆರೆದಿರುತ್ತವೆ, ಪೆಟ್ಟು ಬೀಳುವುದೂ ಅಲ್ಲೇ.

ಎಲ್ಲಕ್ಕಿಂತ ಮೊದಲು ಕೈಕೊಡುವುದು ಕೈಗಳೇ. ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಾವೇ ಹಲವು ಬಾರಿ ಮಂಜಿನ ನೀರಿಗಿಳಿದು ಸಂಶೋಧನೆ ಮಾಡಿದವರು. ಅವರು ಜನರಿಗೆ ಕಲಿಸುವ ಸೂತ್ರ 1-10-1: ಸೂಟಿಲ್ಲದೆ ಬಿದ್ದವರಿಗೆ ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಉಪಯೋಗಕ್ಕೆ ಬರುವುದು 10 ನಿಮಿಷ, ಪ್ರಜ್ಞೆ ತಪ್ಪುವ ಮೊದಲು 1 ಗಂಟೆ. ನಡುವಿನ ಹತ್ತು ಮರೆಯಬೇಡಿ. ಒಳಮೈ ಇನ್ನೂ ಬಿಸಿಯಾಗಿರುವಾಗಲೇ ಬೆರಳು ಮರಗಟ್ಟಿ ಹಗ್ಗ ಹಿಡಿಯಲಾಗುವುದಿಲ್ಲ. ಸೂಟಿನಲ್ಲೂ ಗಾಳಿಗೆ ಅತಿ ಕಡಿಮೆ ಜಾಗ ಇರುವುದು ಬೆರಳ ಸುತ್ತಲೇ. ದಪ್ಪ ಮಾಡಿದರೆ ಬೆಚ್ಚಗಾಗುತ್ತದೆ, ಆದರೆ ಕೊಕ್ಕೆ ಬಿಚ್ಚಲಾಗದು.

ಅದಕ್ಕಾಗಿ ಇರುವ ಪರೀಕ್ಷೆ ನನಗೆ ಬಹಳ ಇಷ್ಟ. 5 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇದ್ದು ಬಂದವರ ಮುಂದೆ 8ರಿಂದ 10 ಮಿಲಿಮೀಟರ್ ದಪ್ಪದ ಒಂದು ಪೆನ್ಸಿಲ್ ಇಡುತ್ತಾರೆ. ಕೈಗವಸು ಹಾಕಿಕೊಂಡೇ ಅದನ್ನೆತ್ತಿ ಬರೆಯಬೇಕು. ಎಷ್ಟೋ ಉಪಕರಣ ಇಟ್ಟು ಅಳೆದ ಮೇಲೂ ಕೊನೆಗೆ ಕೇಳುವುದು ಒಂದನೇ ತರಗತಿಯ ಮಗುವಿಗೆ ಕೇಳುವ ಪ್ರಶ್ನೆ: ಪೆನ್ಸಿಲ್ ಹಿಡಿಯಬಲ್ಲೆಯಾ?

ಪ್ರಯೋಗಾಲಯದ ಆಚೆ

ಪ್ರಮಾಣಪತ್ರ ಸಿಕ್ಕಿದ್ದು ಹೊಸ ಸೂಟಿಗೆ. ಮಂಜುಗಡ್ಡೆಯ ಅಂಚು ಗಾಜಿನ ಚೂರಿನಂತೆ ಮಂಡಿ, ಮೊಣಕೈಗಳನ್ನು ಉಜ್ಜುತ್ತದೆ. ಆದ್ದರಿಂದ ಸೂಟನ್ನು ಆಗಾಗ ಮರುಪರೀಕ್ಷಿಸಬೇಕು. ಕುತ್ತಿಗೆಯ ಬಾಯಿ ಮುಚ್ಚಿ, ಒಳಗೆ ಹದವಾಗಿ ಗಾಳಿ ತುಂಬಿ, ಹೊಲಿಗೆಗಳ ಮೇಲೆ ಸೋಪಿನ ನೀರು ಹಚ್ಚುವುದು ರೂಢಿಯ ಕ್ರಮ. ತೂತಿದ್ದಲ್ಲಿ ಗುಳ್ಳೆ ಏಳುತ್ತದೆ, ಸೈಕಲ್ ಟ್ಯೂಬಿನ ಪಂಕ್ಚರ್ ನೋಡಿದ ಹಾಗೆ. ಜಿಪ್ಪಿನ ಹಲ್ಲಿಗೆ ಮೇಣ ಸವರಿ, ಮಡಿಸದೆ ನೇತುಹಾಕಬೇಕು. ಮಡಿಕೆ ಬಿದ್ದ ಜಿಪ್ಪೇ ಮೊದಲು ಸೋರುವುದು.

ಅಭ್ಯಾಸಕ್ಕೆ ಒಂದು ಲೆಕ್ಕ: ನೀರೊಳಗಿನ ಕ್ಲೋ 0.5 ಇರುವ ಸೂಟಿನಲ್ಲಿ, 2 ಡಿಗ್ರಿ ನೀರಿನಲ್ಲಿ, ಚರ್ಮ 22 ಡಿಗ್ರಿಯಲ್ಲಿರುವ, 1.8 ಚದರ ಮೀಟರ್ ಮೈಯಿಂದ ಎಷ್ಟು ಶಾಖ ಹೋಗುತ್ತದೆ? 465 ವ್ಯಾಟಿನ ಹತ್ತಿರ ಬಂದರೆ ಸರಿ. ಮುಂಡದ ಸುತ್ತ ಅರ್ಧ ಲೀಟರ್ ಸೋರಿದರೆ ಎಷ್ಟಾಗುತ್ತದೆ ಎಂಬುದನ್ನು ನೀವೇ ಮುಂದುವರಿಸಿ.